ಬೇಟೆಮೀನಿನ ಹೊಟ್ಟೆಯಲ್ಲಿ ಹೇಮಾವತಿ



ನಮ್ಮ ಯಸಳೂರು ಹೋಬಳಿ ಕೂತಿರುವುದು ನೀರು ಎರಡು ಪಾಲಾಗುವ ಏಣಿನ ಮೇಲೆ. ಬಿಸಿಲೆಯ ಹತ್ತಿರ ಮಂಕನಹಳ್ಳಿಯ ದಿಣ್ಣೆಯಲ್ಲಿ ಬಿದ್ದ ಮಳೆ ಒಂದು ಕಡೆ ಪಡುವಣಕ್ಕಿಳಿದು ಕುಮಾರಧಾರೆಯನ್ನು ಸೇರಿ, ನೇತ್ರಾವತಿಯ ಜೊತೆ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಕಡೆ ಮೂಡಣಕ್ಕೆ ಹರಿದು ಹೇಮಾವತಿಯಾಗಿ, ಕಾವೇರಿಯಾಗಿ ಬಂಗಾಳಕೊಲ್ಲಿಯನ್ನು ಮುಟ್ಟುತ್ತದೆ. ಮೂಡಣದ ನೀರನ್ನು ಗೊರೂರಿನಲ್ಲಿ ತಡೆದು ನಿಲ್ಲಿಸಿ ನಾಲ್ಕು ದಶಕಗಳು ಕಳೆದಿವೆ. ಪಡುವಣದ ಹಳ್ಳಗಳಿಗೆ ಒಡ್ಡುಗಳು ಬಂದದ್ದು ಈಚೆಗೆ, ನಮ್ಮ ಕಣ್ಣೆದುರಿನಲ್ಲೇ.

ಅಣೆಕಟ್ಟೆಯ ಮಾತು ಬಂದಾಗ ನಾವು ಟಿಎಂಸಿ ಲೆಕ್ಕ ಹಾಕುತ್ತೇವೆ, ನಾಲೆಯ ಮಾತಾಡುತ್ತೇವೆ, ಮುಳುಗಿದ ಊರು, ಸಿಗದ ಪರಿಹಾರ ಇವನ್ನು ನೆನೆಯುತ್ತೇವೆ. ಅವೆಲ್ಲ ಆಡಲೇಬೇಕಾದ ಮಾತುಗಳು. ಆದರೆ ಈ ಸಂಜೆ ನಾನು ಎತ್ತಿಕೊಂಡಿರುವ ಪ್ರಶ್ನೆ ಬೇರೆ, ಸಣ್ಣದು: ಹೊಳೆಗೆ ಕಟ್ಟೆ ಕಟ್ಟಿದ ಮೇಲೆ, ಬೇರೆ ಜೀವಿಗಳನ್ನು ಬೇಟೆಯಾಡಿ ಬದುಕುವ ಮೀನು ಏನು ತಿನ್ನುತ್ತದೆ? ಮೊದಲು ಹರಿಯುವ ಹೊಳೆಯಲ್ಲಿ ಅದರ ಊಟ ಹೇಗಿತ್ತು ಎಂಬುದನ್ನು ಹೇಳುತ್ತೇನೆ. ಆಮೇಲೆ ನಿಂತ ನೀರಿಗೆ ಬರುತ್ತೇನೆ; ಹೆಚ್ಚು ಹೊತ್ತು ಅಲ್ಲೇ ನಿಲ್ಲಬೇಕಾಗುತ್ತದೆ. ಬಳಿಕ ಕಟ್ಟೆಯ ಕೆಳಗಿನ ಹೊಳೆ, ಕೊನೆಗೆ ನಮ್ಮ ಪಡುವಣ ಇಳಿಜಾರು.

ಬೇಟೆಮೀನು ಎಂದರೆ ನನ್ನ ಮನಸ್ಸಿನಲ್ಲಿರುವುದು ನಿಮಗೆಲ್ಲ ಪರಿಚಯವಿರುವ ಮೀನುಗಳೇ. ಅಗಲ ಬಾಯಿಯ, ಉದ್ದ ಮೀಸೆಯ ಬಾಳೆ. ಅವಲು, ಕುಚ್ಚು. ಸಮುದ್ರದಲ್ಲಿ ಹುಟ್ಟಿ ಹೊಳೆಗೆ ಹತ್ತಿ ಬರುವ ದೊಡ್ಡ ಹಾವುಮೀನು. ಇವುಗಳ ಸಾಲಿನಲ್ಲಿ ಅರ್ಧ ಪಾಲಿಗೆ ನಿಲ್ಲುವಂಥದು ಬಿಳಿಮೀನು, ಅಂದರೆ ಮಹಶೀರ್. ಅರ್ಧ ಪಾಲು ಎಂದದ್ದು ಯಾಕೆಂದರೆ ಅದು ಹಣ್ಣನ್ನೂ ತಿನ್ನುತ್ತದೆ, ಏಡಿಯನ್ನೂ ತಿನ್ನುತ್ತದೆ, ದೊಡ್ಡದಾದ ಮೇಲೆ ಮೀನನ್ನೂ ತಿನ್ನುತ್ತದೆ.

ಮೀನು ಏನು ತಿಂದಿದೆ ಎಂದು ತಿಳಿಯುವುದು ಹೇಗೆ? ಹಳೆಯ ದಾರಿ ಹೊಟ್ಟೆ ಸೀಳಿ ನೋಡುವುದು. ಅಡುಗೆಮನೆಯಲ್ಲಿ ಮೀನು ಹಸನು ಮಾಡುವ ಪ್ರತಿ ತಾಯಿಗೂ ಈ ವಿದ್ಯೆ ಗೊತ್ತು. ವಿಜ್ಞಾನಿ ಅದನ್ನೇ ಬರೆದಿಟ್ಟುಕೊಳ್ಳುತ್ತಾನೆ, ಅಷ್ಟೆ. ಆದರೆ ಹೊಟ್ಟೆ ಹೇಳುವುದು ಹಿಂದಿನ ಕೆಲವು ಗಂಟೆಗಳ ಕತೆ ಮಾತ್ರ. ತಿಂಗಳುಗಳ ಕತೆ ಬೇಕಾದರೆ ಮಾಂಸವನ್ನೇ ಕೇಳಬೇಕು. ಸಾರಜನಕದಲ್ಲಿ ಹಗುರವಾದದ್ದು, ಭಾರವಾದದ್ದು ಎಂದು ಎರಡು ಐಸೊಟೋಪ್‌ಗಳಿವೆ. ತಿನ್ನುವವನ ಮೈಯಲ್ಲಿ, ತಿನ್ನಿಸಿಕೊಂಡವನಿಗಿಂತ, ಭಾರದ ಸಾರಜನಕ ಸಾವಿರಕ್ಕೆ ಸುಮಾರು ಮೂರರಿಂದ ನಾಲ್ಕು ಭಾಗದಷ್ಟು ಹೆಚ್ಚಿರುತ್ತದೆ. ಹಾಗಾಗಿ ಒಂದು ಮೀನು ಆಹಾರದ ಮೆಟ್ಟಿಲಿನಲ್ಲಿ ಎಷ್ಟು ಎತ್ತರದಲ್ಲಿ ಕೂತಿದೆ ಎಂದು ಒಂದು ಚೂರು ಮಾಂಸದಿಂದ ಅಳೆಯಬಹುದು. ಇಂಗಾಲದ ಐಸೊಟೋಪ್ ಇನ್ನೊಂದು ಗುಟ್ಟನ್ನು ಬಿಡಿಸುತ್ತದೆ: ಆ ಆಹಾರದ ಮೂಲ ದಡದ ಕಲ್ಲುಪಾಚಿಯೋ, ನಡುನೀರಿನಲ್ಲಿ ತೇಲುವ ಪ್ಲವಕವೋ ಎಂಬುದನ್ನು. ಈ ಎರಡು ಅಳತೆಗಳನ್ನು ನೆನಪಿಟ್ಟುಕೊಳ್ಳಿ: ಎಷ್ಟನೇ ಮೆಟ್ಟಿಲು, ಯಾವ ಮೂಲ. ಕಟ್ಟೆ ಬಂದಾಗ ಬದಲಾಗುವುದು ಈ ಎರಡೂ.

ಈಗ ಹರಿಯುವ ಹೊಳೆಗೆ ಬರೋಣ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟಿ, ಸಕಲೇಶಪುರವನ್ನು ಹಾದು ಬರುವ ಹೇಮಾವತಿ ಸುಮಾರು 245 ಕಿಲೋಮೀಟರ್ ಹರಿದು ಕಾವೇರಿಯನ್ನು ಸೇರುತ್ತದೆ. ಮಲೆನಾಡಿನಲ್ಲಿ ಅದರ ಮೀನಿಗೆ ಊಟ ಬರುವುದು ಮೂರು ಕಡೆಯಿಂದ.

ಒಂದು, ಮೇಲಿನಿಂದ. ದಡದ ಮರಗಳಿಂದ ಅತ್ತಿ, ನೇರಳೆ ಉದುರುತ್ತವೆ. ಕಂಬಳಿಹುಳ, ಚಿಗಳಿ, ಮಿಡತೆ ಬೀಳುತ್ತವೆ. ಮೊದಲ ಮಳೆಯ ಸಂಜೆ ಹಾರುವ ರೆಕ್ಕೆಗೆದ್ದಲು ನೀರಿನ ಮೇಲೆ ಹಾಸಿಕೊಳ್ಳುತ್ತದೆ. ಎರಡು, ಕೆಳಗಿನಿಂದ. ಹರಿವಿನಲ್ಲಿ ತೊಳೆದು ನಿಂತ ಗುಂಡುಕಲ್ಲುಗಳ ಅಡಿ ಹುಳುಗಳು, ಶಂಖದ ಹುಳು, ಸಿಗಡಿ, ಕಲ್ಲೇಡಿ ಇರುತ್ತವೆ. ಇವೆಲ್ಲಕ್ಕೂ ಕಲ್ಲು ಸ್ವಚ್ಛವಾಗಿರಬೇಕು, ನೀರು ಓಡುತ್ತಿರಬೇಕು. ಬಿಳಿಮೀನಿನ ಬಾಯಲ್ಲಿ ಹಲ್ಲಿಲ್ಲ. ಅದರ ಹಲ್ಲು ಗಂಟಲಲ್ಲಿದೆ. ಏಡಿಯ ಚಿಪ್ಪನ್ನು, ಶಂಖವನ್ನು ಅಲ್ಲಿ ಅರೆಯುತ್ತದೆ. ಈ ಮೀನಿನ ಬೇಟೆ, ಆಹಾರ, ನಡವಳಿಕೆಗಳನ್ನು ಕೂತು ಗಮನಿಸಿ ಬರೆದವರಲ್ಲಿ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಮೊದಲಿಗರಲ್ಲಿ ಒಬ್ಬರು. ಅವರ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ನಮ್ಮ ಘಟ್ಟದಿಂದ ಇಳಿಯುವ ನೀರು ಸೇರುವ ಜಿಲ್ಲೆಯೇ ಅದು.

ಮೂರನೆಯ ಕಡೆ ಗದ್ದೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನನ್ನ ಇಡೀ ವಾದದ ಬೇರು ಇಲ್ಲಿದೆ.

ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಹೊಳೆ ಕೆಂಪಾಗಿ ಏರುತ್ತದೆ. ಆಗ ಸಣ್ಣ ಮೀನುಗಳು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹತ್ತುತ್ತವೆ. ನಾವು ಹತ್ತುಮೀನು ಎನ್ನುವುದು ಇವನ್ನೇ. ಬದುವಿನ ಬಾಯಿಗೆ ಕೂಣಿ ಇಟ್ಟು ರಾತ್ರಿಯಿಡೀ ಕಾದವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದೀರೋ! ಅವು ಹತ್ತುವುದು ಮೊಟ್ಟೆಯಿಡಲಿಕ್ಕೆ. ಹೊಳೆಯ ನಡುವಿನ ರಭಸದಲ್ಲಿ ಮೊಟ್ಟೆ, ಮರಿ ಉಳಿಯುವುದಿಲ್ಲ. ಗದ್ದೆಯ ಮೊಣಕಾಲುದ್ದದ ಬೆಚ್ಚನೆಯ ನೀರಿನಲ್ಲಿ ಉಳಿಯುತ್ತವೆ, ಹುಳುಹುಪ್ಪಟೆ ತಿಂದು ಬೇಗ ಬೆಳೆಯುತ್ತವೆ. ಮಳೆ ಕಡಿಮೆಯಾಗಿ ಗದ್ದೆಯ ನೀರು ಇಳಿಯುವಾಗ ಈ ಮರಿಗಳ ಸೈನ್ಯ ಹೊಳೆಗೆ ವಾಪಸಾಗುತ್ತದೆ. ಅದೇ ಹೊತ್ತಿಗೆ ಮಡುವಿನ ಬಾಯಲ್ಲಿ ಬಾಳೆ ಕಾದಿರುತ್ತದೆ, ಬೇರಿನ ಸಂದಿಯಲ್ಲಿ ಅವಲು ಕಾದಿರುತ್ತದೆ. ಬೇಟೆಮೀನಿನ ವರ್ಷದ ಗಳಿಕೆಯಲ್ಲಿ ದೊಡ್ಡ ಪಾಲು ಸಿಗುವುದು ಈ ದಿನಗಳಲ್ಲಿ. ಆ ಕೊಬ್ಬಿನ ಮೇಲೆ ಅದು ಬೇಸಿಗೆ ಕಳೆಯುತ್ತದೆ, ಮುಂದಿನ ಸಂತಾನಕ್ಕೆ ತತ್ತಿ ತುಂಬಿಕೊಳ್ಳುತ್ತದೆ.

ಅಂದರೆ ಮಳೆಗಾಲದ ಪ್ರವಾಹ ಎಂಬುದು ಹೊಳೆಯ ಅಡುಗೆಮನೆ. ಇಂಜಿನಿಯರ್ ಅದನ್ನು ಹೆಚ್ಚುವರಿ ನೀರು ಎಂದು ಕರೆಯುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಆ ಹೆಸರು ಸರಿಯಿರಬಹುದು. ಮೀನಿನ ಕಡೆಯಿಂದ ನೋಡಿದರೆ ಆ ನೀರಿನಲ್ಲಿ ಒಂದು ಬಿಂದಿಗೆಯೂ ಹೆಚ್ಚುವರಿಯಲ್ಲ.

ಇನ್ನು ಎರಡನೆಯ ಭಾಗಕ್ಕೆ, ನಿಂತ ನೀರಿಗೆ ಬರುತ್ತೇನೆ.

ಗೊರೂರು ಎಂದಾಗ ಓದುವ ಜನಕ್ಕೆ ರಾಮಸ್ವಾಮಿ ಅಯ್ಯಂಗಾರರ ನೆನಪಾಗುತ್ತದೆ. ಅವರ ಆ ಊರಿನ ಬಳಿ 1979ರಲ್ಲಿ ಹೇಮಾವತಿ ಅಣೆಕಟ್ಟೆ ಮುಗಿಯಿತು. ಉದ್ದ 4,692 ಮೀಟರ್. ತುಂಬಿದಾಗ ಮಟ್ಟ 2,922 ಅಡಿ, ಸಂಗ್ರಹ 37.1 ಟಿಎಂಸಿ, ನೀರು ಹರಡುವುದು ಸುಮಾರು 8,500 ಹೆಕ್ಟೇರಿನಲ್ಲಿ. ಇದಲ್ಲದೆ ಹೇಮಾವತಿಯ ಉಪನದಿಗಳಾದ ಯಗಚಿಗೆ ಬೇಲೂರಿನ ಬಳಿ, ವಾಟೆಹೊಳೆಗೆ ಆಲೂರು ತಾಲ್ಲೂಕಿನಲ್ಲಿ ಬೇರೆ ಕಟ್ಟೆಗಳಿವೆ.

ಹೊಸ ಜಲಾಶಯ ತುಂಬುವಾಗ ಮೊದಲಿಗೆ ನಡೆಯುವುದು ಊಟದ ಸುಗ್ಗಿ. ಮುಳುಗಿದ ಗದ್ದೆ, ತೋಟ, ಕಾಡುಗಳ ಮಣ್ಣಿನಿಂದ ಎರೆಹುಳು, ಗೆದ್ದಲು, ಇರುವೆ ಎಲ್ಲ ಮೇಲೇಳುತ್ತವೆ. ಎಲೆ, ಹುಲ್ಲು, ಗೊಬ್ಬರ ಕೊಳೆತು ಪೋಷಕಾಂಶ ಬಿಡುಗಡೆಯಾಗುತ್ತದೆ. ಪಾಚಿ ಹೆಚ್ಚುತ್ತದೆ, ಪಾಚಿ ತಿನ್ನುವ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ, ಅವನ್ನು ತಿನ್ನುವ ಮರಿಗಳು ಹೆಚ್ಚುತ್ತವೆ. ಆ ವರ್ಷಗಳಲ್ಲಿ ಬೇಟೆಮೀನುಗಳು ಕೊಬ್ಬುತ್ತವೆ, ಬಲೆಗೆ ದೊಡ್ಡ ಮೀನು ಬೀಳುತ್ತದೆ, ‘ಡ್ಯಾಮ್ ಆದದ್ದು ಮೀನಿಗೆ ಒಳ್ಳೆಯದೇ ಆಯಿತು’ ಎಂಬ ಮಾತು ಹುಟ್ಟುತ್ತದೆ. ಜಗತ್ತಿನ ಬಹುಪಾಲು ಜಲಾಶಯಗಳಲ್ಲಿ ಈ ಸುಗ್ಗಿ ಕೆಲವೇ ವರ್ಷಗಳದ್ದು. ಮುಳುಗಿದ ಮಣ್ಣಿನ ಸಾರ ತೀರಿದ ಮೇಲೆ ಇಳುವರಿ ಇಳಿಯುತ್ತದೆ, ಜಲಾಶಯ ತನ್ನ ನಿಜವಾದ ಸ್ವಭಾವಕ್ಕೆ ಬರುತ್ತದೆ.

ಆ ಸ್ವಭಾವ ಏನು? ಮೊದಲನೆಯದು, ಕಲ್ಲು ಹೂತುಹೋಗುತ್ತದೆ. ಹೊಳೆ ತಂದ ಹೂಳು ನಿಂತ ನೀರಿನಲ್ಲಿ ಕೆಳಗಿಳಿದು ಗುಂಡುಕಲ್ಲುಗಳ ಮೇಲೆ ಕೂರುತ್ತದೆ. ಓಡುವ ನೀರಿನ ಹುಳುಗಳು ಹೋಗಿ ಕೆಸರಿನ ಹುಳುಗಳು ಬರುತ್ತವೆ. ಹಿನ್ನೀರಿನ ದಡದಲ್ಲಿ ಅತ್ತಿಯ ಮರವಿಲ್ಲ, ಬೀಳುವ ಹಣ್ಣಿಲ್ಲ.

ಎರಡನೆಯದು, ದಡ ಎಂಬುದೇ ಒಂದು ಕಡೆ ನಿಲ್ಲುವುದಿಲ್ಲ. ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ನೀವು ನೋಡಿದ್ದೀರಿ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಆ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಅದರ ಸುತ್ತ ಒಣ ನೆಲದ ಮೇಲೆ ಕಾರು ನಿಲ್ಲಿಸಿ ಜನ ಫೋಟೊ ತೆಗೆದುಕೊಳ್ಳುತ್ತಾರೆ. ಪ್ರವಾಸಿಗೆ ಅದು ಸೊಗಸಿನ ನೋಟ. ಮೀನಿನ ಆಹಾರದ ದೃಷ್ಟಿಯಿಂದ ನೋಡಿ: ಕೆರೆಯಲ್ಲಾದರೆ ಅತ್ಯಂತ ಶ್ರೀಮಂತವಾಗಿರಬೇಕಾದ ಜಾಗ ಅಂಚಿನ ತೆಳು ನೀರು. ಜೊಂಡು, ನೀರುಗಿಡ, ಬಸವನಹುಳು, ಸಿಗಡಿ ಎಲ್ಲ ಬೆಳೆಯುವುದು ಅಲ್ಲೇ. ಜಲಾಶಯದಲ್ಲಿ ಆ ಅಂಚು ನಾಲೆಗೆ ನೀರು ಬಿಟ್ಟ ಹಾಗೆಲ್ಲ ಕೆಳಗೆ ಜಾರುತ್ತದೆ. ಬೇರು ಬಿಡುವ ಗಿಡಕ್ಕೆ ನೆಲೆಯಿಲ್ಲ, ನಿಧಾನ ನಡೆಯುವ ಹುಳುವಿಗೆ ಹಿಂಬಾಲಿಸಲು ಆಗುವುದಿಲ್ಲ. ಹಾಗಾಗಿ ದಡದ ಆಹಾರ ಬಡವಾಗಿ, ನಡುನೀರಿನ ಪ್ಲವಕವೇ ಮುಖ್ಯ ಮೂಲವಾಗುತ್ತದೆ. ನಾನು ಮೊದಲು ಹೇಳಿದ ಇಂಗಾಲದ ಅಳತೆಯಲ್ಲಿ ಈ ಬದಲಾವಣೆ ಸ್ಪಷ್ಟವಾಗಿ ಕಾಣುತ್ತದೆ.

ಪ್ಲವಕವನ್ನು ಬಾಳೆ ತಿನ್ನಲಾರದು. ನಡುವೆ ಒಬ್ಬ ದಲ್ಲಾಳಿ ಬೇಕು. ಪ್ಲವಕ ತಿಂದು ಗುಂಪುಗುಂಪಾಗಿ ನಡುನೀರಿನಲ್ಲಿ ಬದುಕುವ ಸಣ್ಣ ಮೀನು ಯಾವುದಿದೆಯೋ ಅದರ ಮೇಲೆ ಬೇಟೆಮೀನಿನ ಹಣೆಬರಹ ನಿಂತಿರುತ್ತದೆ. ಇದಕ್ಕೆ ಜಗತ್ತಿನಲ್ಲೇ ಒಳ್ಳೆಯ ಉದಾಹರಣೆ ಆಫ್ರಿಕಾದ ಕರೀಬಾ. ಇಂದಿನ ಜಾಂಬಿಯಾ ಮತ್ತು ಜಿಂಬಾಬ್ವೆಯ ಗಡಿಯಲ್ಲಿ ಜಾಂಬೆಜಿ ನದಿಗೆ ಕಟ್ಟಿದ ಆ ಕಟ್ಟೆಯ ಬಾಗಿಲು ಮುಚ್ಚಿದ್ದು 1958ರ ಡಿಸೆಂಬರಿನಲ್ಲಿ. ಅಲ್ಲಿಯ ಟೈಗರ್‌ಫಿಶ್, ಕೋರೆಹಲ್ಲಿನ ಉಗ್ರ ಬೇಟೆಗಾರ, ದಡದ ಆಸುಪಾಸಿನ ಮೀನುಗಳನ್ನು ಹಿಡಿಯುತ್ತಿತ್ತು. ವಿಶಾಲವಾದ ನಡುನೀರು ಖಾಲಿ ಬಿದ್ದಿತ್ತು. ನದಿಯ ಮೀನುಗಳಲ್ಲಿ ಅಷ್ಟು ಆಳದ ನಿಂತ ನೀರಿನಲ್ಲಿ ಬಾಳಬಲ್ಲವು ಇರಲಿಲ್ಲ. 1967 ಮತ್ತು 68ರಲ್ಲಿ ಟಾಂಗನಿಕಾ ಸರೋವರದಿಂದ ಕಪೆಂಟಾ ಎಂಬ ಬೆರಳುದ್ದದ ಮೀನನ್ನು ತಂದು ಬಿಟ್ಟರು. ಅದು ಹಬ್ಬಿತು. ಟೈಗರ್‌ಫಿಶ್ ದಡ ಬಿಟ್ಟು ನಡುನೀರಿಗೆ ಹೋಗಿ ಅದನ್ನೇ ಮುಖ್ಯ ಆಹಾರ ಮಾಡಿಕೊಂಡಿತು. ಮುಂದೆ ಕಪೆಂಟಾ ಕಟ್ಟೆಯ ವಿದ್ಯುತ್ ಯಂತ್ರಗಳ ಮೂಲಕವೇ ಕೆಳಗೆ ದಾಟಿ, ಮೊಜಾಂಬಿಕ್‌ನ ಕಹೋರ ಬಾಸಾ ಜಲಾಶಯದಲ್ಲೂ ನೆಲೆಸಿತು. ಒಂದು ಸಣ್ಣ ಮೀನು ಬಂದದ್ದರಿಂದ ಒಂದು ದೊಡ್ಡ ಮೀನಿನ ಊಟ, ವಾಸ ಎರಡೂ ಬದಲಾದವು.

ನಮ್ಮ ಜಲಾಶಯಗಳಲ್ಲಿ ಈ ದಲ್ಲಾಳಿಯ ಕೆಲಸ ಮಾಡುವುದು ಸಸಲುಗಳು, ಗಾಜಿನಂತೆ ಪಾರದರ್ಶಕವಾದ ಪುಟ್ಟ ಮೀನುಗಳು, ಮತ್ತು ಈಗೀಗ ಹೆಚ್ಚಾಗಿ ಜಿಲೇಬಿ. ಜಿಲೇಬಿ, ಅಂದರೆ ತಿಲಾಪಿಯಾ, ಆಫ್ರಿಕಾದ ಮೀನು. 1952ರಲ್ಲಿ ಭಾರತಕ್ಕೆ ಬಂತು. ಬಾಯಲ್ಲೇ ಮರಿ ಕಾಪಾಡುವ ಈ ಮೀನಿಗೆ ಗದ್ದೆ ಬೇಡ, ಪ್ರವಾಹ ಬೇಡ, ಹತ್ತಿ ಹೋಗುವ ಹಳ್ಳ ಬೇಡ. ನಿಂತ ನೀರಿನಲ್ಲಿ ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಬೇಟೆಮೀನಿಗೆ ಹೊಟ್ಟೆ ತುಂಬಲು ಇದೂ ಸಾಕು ಎನ್ನಬಹುದು. ಆದರೆ ಹತ್ತಾರು ಬಗೆಯ ಬೇಟೆಯಿದ್ದ ತಟ್ಟೆಯಲ್ಲಿ ಎರಡು ಮೂರು ಬಗೆ ಉಳಿದರೆ, ಆ ಎರಡು ಮೂರರಲ್ಲಿ ಒಂದಕ್ಕೆ ರೋಗ ಬಂದ ವರ್ಷ ಮೇಲಿನವನೂ ಉಪವಾಸ ಬೀಳುತ್ತಾನೆ. ಹೊಟ್ಟೆ ತುಂಬುವುದೂ ಊಟಕ್ಕೆ ಭದ್ರತೆ ಇರುವುದೂ ಬೇರೆ ಬೇರೆ.

ಮೂರನೆಯ ಸ್ವಭಾವ, ಬೆಳಕು. ಹೂಳು ಕೆಳಗಿಳಿದ ಮೇಲೆ ನೀರು ತಿಳಿಯಾಗುತ್ತದೆ. ಕಣ್ಣಿನಿಂದ ಬೇಟೆಯಾಡುವ ಅವಲಿಗೆ ಇದು ಅನುಕೂಲ. ಮುಳುಗಿದ ಮರದ ಬೊಡ್ಡೆಗಳು ಅದಕ್ಕೆ ಹೊಂಚು ಹಾಕುವ ಜಾಗ. ಗಾಳಿಯನ್ನೇ ಉಸಿರಾಡಬಲ್ಲದ್ದರಿಂದ ಕೊಳೆತ ನೀರಿನ ಭಯವೂ ಇಲ್ಲ. ಬಾಳೆ ಮೀಸೆಯಿಂದ, ಮೂಸಿ, ಕತ್ತಲಲ್ಲಿ ಬೇಟೆಯಾಡುವಂಥದು. ಕೆಂಪು ನೀರಿನ ಮರೆ ಹೋದ ಮೇಲೆ ಬಾಳೆಯ ಹಗಲಿನ ಅವಕಾಶ ಕಡಿಮೆಯಾಗುತ್ತದೆ. ಬಾಳೆಯನ್ನು ಇಂದು ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅಪಾಯಕ್ಕೆ ಈಡಾದ ಜಾತಿಗಳ ಪಟ್ಟಿಯಲ್ಲಿ ಇಟ್ಟಿದೆ. ಅದಕ್ಕೆ ಕಟ್ಟೆಯೊಂದೇ ಕಾರಣ ಎನ್ನಲಾರೆ. ಮದ್ದು ಹಾಕಿ ಹಿಡಿಯುವುದು, ಮರಳು ಬಗೆಯುವುದು, ಸಣ್ಣ ಕಣ್ಣಿನ ಬಲೆ ಎಲ್ಲಕ್ಕೂ ಪಾಲಿದೆ.

ಇಲ್ಲಿ ಮನುಷ್ಯ ಇನ್ನೊಂದು ಕೈ ಹಾಕುತ್ತಾನೆ: ಮರಿ ಬಿಡುವುದು. ನಮ್ಮ ಜಲಾಶಯಗಳಿಗೆ ಕಾಟ್ಲ, ರೋಹು, ಮೃಗಾಲ ಮರಿಗಳನ್ನು ಬಿತ್ತನೆ ಮಾಡುತ್ತಾರೆ. ಇವು ಮೂಲತಃ ಗಂಗಾ ಬಯಲಿನ ಮೀನುಗಳು. ಬೆಸ್ತರ ಬದುಕಿಗೆ ಇದು ಆಧಾರವಾಗಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಬಿಟ್ಟ ಮರಿ ಸಣ್ಣದಾದರೆ ಅದು ಬೇಟೆಮೀನಿನ ಊಟವಾಗುತ್ತದೆ. ಅದಕ್ಕಾಗಿಯೇ ಒಳನಾಡು ಮೀನುಗಾರಿಕಾ ಸಂಶೋಧನಾ ಸಂಸ್ಥೆ, 1947ರಲ್ಲಿ ಆರಂಭವಾಗಿ ಈಗ ಬ್ಯಾರಕ್‌ಪುರದಲ್ಲಿರುವ ಸಂಸ್ಥೆ, ಹತ್ತು ಸೆಂಟಿಮೀಟರಿಗಿಂತ ದೊಡ್ಡ ಮರಿಗಳನ್ನೇ ಬಿಡಬೇಕು ಎಂದು ಹೇಳುತ್ತ ಬಂದಿದೆ. ಮರಿಯ ಖರ್ಚು ಉಳಿಸಲು ಚಿಕ್ಕದನ್ನು ಬಿಟ್ಟು, ಆಮೇಲೆ ಇಳುವರಿ ಬಂದಿಲ್ಲವೆಂದು ಬಾಳೆ, ಅವಲುಗಳನ್ನು ಕಳ್ಳರೆಂದು ಕರೆದು ಹಿಡಿದು ಖಾಲಿ ಮಾಡುವ ರೂಢಿ ಬಹಳ ಕಾಲದಿಂದ ಇದೆ. ಇದು ಅನ್ಯಾಯ. ಹೊಳೆಯ ಮೂಲನಿವಾಸಿಯ ಸಹಜ ಊಟವನ್ನು ಕಿತ್ತುಕೊಂಡವರು ನಾವು; ನಾವೇ ಅದರ ಬಾಯಿಯ ಮುಂದೆ ಹೊರಗಿನ ಮರಿ ಚೆಲ್ಲಿ, ತಿಂದದ್ದಕ್ಕೆ ಶಿಕ್ಷೆ ಕೊಡುತ್ತಿದ್ದೇವೆ.

ಬಿಳಿಮೀನಿನ ಕತೆ ಇದೇ ದಾರಿಯ ಇನ್ನೊಂದು ತಿರುವು. ಕಾವೇರಿ ಕಣಿವೆಗೇ ಸೀಮಿತವಾದ, ಬೆನ್ನಿನಲ್ಲಿ ಡುಬ್ಬವಿರುವ ಮಹಶೀರ್ ಒಂದು ಕಾಲದಲ್ಲಿ ಜಗತ್ತಿನ ಗಾಳದವರಿಗೆಲ್ಲ ಕನಸಾಗಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತು. ಈ ಮೀನಿನ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅತ್ಯಂತ ಅಂಚಿನಲ್ಲಿರುವ ಜಾತಿ ಎಂದು ಘೋಷಣೆಯಾಯಿತು. ಕಾವೇರಿ ದಡದ ಗಾಳಿಬೋರೆಯ ಗಾಳಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ದಾಖಲೆಯನ್ನು ಏಡ್ರಿಯನ್ ಪಿಂಡರ್ ಮತ್ತು ಸಂಗಡಿಗರು ಪರಿಶೀಲಿಸಿದಾಗ ಕಂಡದ್ದು ಡುಬ್ಬದ ಮೀನಿನ ಕುಸಿತ, ಮತ್ತು ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರಿನ ಏರಿಕೆ. ಆ ಹೊರಗಿನ ಮರಿಗಳು ಬಂದದ್ದು ಮಹಾರಾಷ್ಟ್ರದ ಲೋನಾವಳದ ಮರಿ ಕೇಂದ್ರದಿಂದ, ಅದೂ ಮಹಶೀರನ್ನು ಉಳಿಸಬೇಕೆಂಬ ಸದುದ್ದೇಶದಿಂದ. ಕಟ್ಟೆಗಳ ನಡುವೆ ಕುಗ್ಗಿದ ಹೊಳೆಯಲ್ಲಿ, ಒಂದೇ ಏಡಿಗೆ, ಒಂದೇ ಹಣ್ಣಿಗೆ ಇಬ್ಬರು ಪಾಲುದಾರರಾದರು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳಿಗೆ ಭಕ್ತರು ಅಕ್ಕಿ, ಮಂಡಕ್ಕಿ ಹಾಕುವುದನ್ನು ನೋಡಿದ್ದೀರಿ. ಆ ಭಕ್ತಿ ಮೀನನ್ನು ಬಲೆಯಿಂದ ಕಾಪಾಡಿದೆ, ಅದಕ್ಕೆ ನನ್ನ ನಮಸ್ಕಾರ. ಅಕ್ಕಿ ಮಾತ್ರ ಏಡಿಯ ಜಾಗ ತುಂಬುವುದಿಲ್ಲ.

ನಿಂತ ನೀರಿನ ಮಾತು ಮುಗಿಸುವ ಮುನ್ನ ನಮ್ಮ ತಟ್ಟೆಗೆ ಸಂಬಂಧಿಸಿದ ಒಂದು ವಿಷಯ. ಹೊಸದಾಗಿ ಮುಳುಗಿದ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಪಾದರಸವನ್ನು ಜೀವಿಗಳ ಮೈಗೆ ಹತ್ತುವ ರೂಪಕ್ಕೆ ತಿರುಗಿಸುತ್ತವೆ. ಅದು ಪ್ರತಿ ಮೆಟ್ಟಿಲಿನಲ್ಲೂ ಸಾಂದ್ರವಾಗುತ್ತ ಮೇಲೇರಿ ಬೇಟೆಮೀನಿನಲ್ಲಿ ಹೆಚ್ಚು ಸಂಗ್ರಹವಾಗುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ಲಾ ಗ್ರಾಂಡ್ ನದಿಯ ದೊಡ್ಡ ಜಲಾಶಯ ತುಂಬಿದ್ದು ನಮ್ಮ ಗೊರೂರು ಮುಗಿದ ಕಾಲದಲ್ಲೇ. ಅಲ್ಲಿಯ ಬೇಟೆಮೀನುಗಳಲ್ಲಿ ಪಾದರಸ ಹಲವು ಪಟ್ಟು ಏರಿ, ಅವನ್ನೇ ತಿನ್ನುತ್ತಿದ್ದ ಕ್ರೀ ಜನಾಂಗಕ್ಕೆ ಮೀನು ತಿನ್ನುವುದನ್ನು ಮಿತಿಗೊಳಿಸಲು ಹೇಳಬೇಕಾಯಿತು. ಮಟ್ಟ ಮತ್ತೆ ಇಳಿಯಲು ಎರಡು ಮೂರು ದಶಕಗಳೇ ಬೇಕಾದವು. ಗೊರೂರಿನ ಮೀನು ತಿನ್ನಬೇಡಿ ಎಂದು ನಾನು ಹೇಳುತ್ತಿಲ್ಲ. ಅದು ಹಳೆಯ ಜಲಾಶಯ. ಹೊಸ ಮುಳುಗಡೆಯ ಯೋಜನೆ ಬಂದಾಗಲೆಲ್ಲ ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು ಎಂದಷ್ಟೇ ಹೇಳುತ್ತೇನೆ.

ಈಗ ಕಟ್ಟೆಯ ಕೆಳಗೆ ಇಳಿಯೋಣ. ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಗೊರೂರಿನಿಂದ ಹೊಳೆನರಸೀಪುರದ ಕಡೆಗೆ ಹೋಗುವ ಹೇಮಾವತಿಗೆ ಹೂಳು ಬರುವುದಿಲ್ಲ, ಮೊದಲ ಮಳೆಯ ಏರಿಕೆ ಬರುವುದಿಲ್ಲ. ಜೂನ್ ತಿಂಗಳಲ್ಲಿ ಮೇಲೆ ಜಲಾಶಯ ತುಂಬಿಕೊಳ್ಳುತ್ತಿರುತ್ತದೆ, ಕೆಳಗಿನ ಮೀನು ಹತ್ತಲು ಕಾಯುತ್ತಲೇ ಇರುತ್ತದೆ. ಕ್ರೆಸ್ಟ್ ಗೇಟು ತೆರೆಯುವ ಹೊತ್ತಿಗೆ ಅದರ ಕಾಲ ಮೀರಿರಬಹುದು. ಮರಿಗಳ ಸೈನ್ಯ ಹುಟ್ಟದಿದ್ದರೆ ಬೇಟೆಮೀನಿನ ಸುಗ್ಗಿಯೂ ಇಲ್ಲ. ಇದಕ್ಕೆ ಒಂದು ಅಪವಾದ ಕಟ್ಟೆಯ ಬುಡ. ಗೇಟಿನಿಂದ ಧುಮುಕಿ, ಯಂತ್ರದಲ್ಲಿ ಸಿಕ್ಕಿ ತಲೆತಿರುಗಿದ ಮೀನುಗಳು ಅಲ್ಲಿ ಸುಲಭವಾಗಿ ಸಿಗುತ್ತವೆ. ಬೇಟೆಗಾರರು ಅಲ್ಲಿ ಬಂದು ಗುಂಪುಗೂಡುತ್ತಾರೆ. ಅಮೆರಿಕದ ಕೊಲಂಬಿಯಾ ನದಿಯಲ್ಲಿ ಸಮುದ್ರಕ್ಕೆ ಇಳಿಯುವ ಸಾಲ್ಮನ್ ಮರಿಗಳನ್ನು ಪೈಕ್‌ಮಿನೊ ಎಂಬ ಅಲ್ಲಿಯದೇ ಮೀನು ಹೀಗೆ ಕಾದು ತಿನ್ನುತ್ತದೆ. ಅದೇ ನದಿಯ ಜಾನ್ ಡೇ ಜಲಾಶಯದಲ್ಲಿ 1980ರ ದಶಕದಲ್ಲಿ ನಡೆದ ಅಧ್ಯಯನದ ಪ್ರಕಾರ, ಬೇಟೆಮೀನುಗಳ ಬಾಯಿಗೆ ಹೋದ ಸಾಲ್ಮನ್ ಮರಿಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ತಿಂದದ್ದು ಇದೊಂದೇ ಜಾತಿ. ಆಮೇಲೆ ಸರ್ಕಾರವೇ ಈ ಮೀನನ್ನು ಹಿಡಿದು ತಂದವರಿಗೆ ಹಣ ಕೊಡುವ ಯೋಜನೆ ಮಾಡಿತು, ಅದು ಇಂದಿಗೂ ನಡೆದಿದೆ. ಸಾವಿರಾರು ವರ್ಷ ಒಂದೇ ನದಿಯಲ್ಲಿ ಬಾಳಿದ ಎರಡು ಮೀನುಗಳ ನಡುವಿನ ಲೆಕ್ಕವನ್ನು ಕಟ್ಟೆ ತಪ್ಪಿಸಿತು, ತಲೆದಂಡ ಮೀನು ತೆತ್ತಿತು.

ಹಾವುಮೀನಿಗೆ ಕಟ್ಟೆ ಇನ್ನೂ ನೇರವಾದ ಹೊಡೆತ. ಅದು ಮರಿಯಾಗಿ ಸಮುದ್ರದಿಂದ ಬಂದು, ಮಡುಗಳಲ್ಲಿ ವರ್ಷಗಟ್ಟಲೆ ಏಡಿ, ಮೀನು ತಿಂದು ಬೆಳೆದು, ಮೊಟ್ಟೆಯಿಡಲು ಮತ್ತೆ ಸಮುದ್ರಕ್ಕೆ ಹೋಗಬೇಕು. ಕಾವೇರಿಯ ದಾರಿಯಲ್ಲಿ ಮೆಟ್ಟೂರು 1934ರಿಂದ ಅಡ್ಡ ನಿಂತಿದೆ, ಅದಕ್ಕೂ ಮೊದಲಿನಿಂದ ಕನ್ನಂಬಾಡಿ ಇದೆ. ರಾತ್ರಿಯ ಏಡಿಬೇಟೆಗಾರನೊಬ್ಬನನ್ನು ಮೇಲಿನ ಹೊಳೆ ಹೀಗೆ ಕಳೆದುಕೊಳ್ಳುತ್ತದೆ.

ಕೊನೆಯ ಭಾಗಕ್ಕೆ, ನಮ್ಮ ಪಡುವಣಕ್ಕೆ ಬಂದೆ. ಕುಮಾರಧಾರೆ, ಕೆಂಪುಹೊಳೆ, ಎತ್ತಿನಹೊಳೆ, ಹೊಂಗಡಹಳ್ಳ ಇವೆಲ್ಲ ಇನ್ನೂ ಕಾಡಿನ ಹೊಳೆಗಳಾಗಿ ಉಳಿದಿರುವಂಥವು. ಇಲ್ಲಿ ಬೆಟ್ಟಕುಮರಿಯ ಬಳಿ ದೊಡ್ಡ ಕಟ್ಟೆ ಕಟ್ಟುವ ಗುಂಡ್ಯ ಜಲವಿದ್ಯುತ್ ಯೋಜನೆಯನ್ನು ನಮ್ಮ ಜನ ವಿರೋಧಿಸಿದ್ದು, ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮಘಟ್ಟ ಸಮಿತಿ 2011ರ ವರದಿಯಲ್ಲಿ ಅದಕ್ಕೆ ಅನುಮತಿ ಬೇಡವೆಂದದ್ದು ನಿಮಗೆ ನೆನಪಿದೆ. ಅನಂತರ ಬಂದದ್ದು ಎತ್ತಿನಹೊಳೆ ಯೋಜನೆ. ಎಂಟು ಒಡ್ಡುಗಳಿಂದ ಮಳೆಗಾಲದ ನೀರನ್ನು ಎತ್ತಿ, 24.01 ಟಿಎಂಸಿಯನ್ನು ಪೂರ್ವದ ಬಯಲು ಜಿಲ್ಲೆಗಳಿಗೆ ಒಯ್ಯುವ ಉದ್ದೇಶ. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಚಾಲನೆ ದೊರೆಯಿತು.

ಕೋಲಾರ, ಚಿಕ್ಕಬಳ್ಳಾಪುರದ ಜನರ ಬಾಯಾರಿಕೆ ನಿಜವಾದದ್ದು. ನಾನು ಅದರ ವಿರುದ್ಧ ನಿಂತಿಲ್ಲ. ಇವು ಗೊರೂರಿನಂಥ ಜಲಾಶಯಗಳೂ ಅಲ್ಲ, ಗಿಡ್ಡನೆಯ ಒಡ್ಡುಗಳು. ಆದ್ದರಿಂದ ಮೀನಿಗೆ ಏನೂ ಆಗುವುದಿಲ್ಲ, ಬೇಸಿಗೆಯ ಹರಿವನ್ನು ನಾವು ಮುಟ್ಟುವುದೇ ಇಲ್ಲ ಎಂಬ ಸಮಾಧಾನ ಕೇಳಿಬರುತ್ತದೆ. ಅದಕ್ಕೆ ಎರಡು ಉತ್ತರಗಳಿವೆ. ಒಡ್ಡು ಗಿಡ್ಡದಾದರೂ ಹತ್ತುಮೀನಿಗೆ ಅದು ಗೋಡೆಯೇ. ನೇತ್ರಾವತಿಯ ಉಪಹೊಳೆಗಳಲ್ಲಿರುವ ಕಿರು ಜಲವಿದ್ಯುತ್ ಯೋಜನೆಗಳನ್ನು ಸುಮನ್ ಜುಮಾನಿ ಮತ್ತು ಸಂಗಡಿಗರು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಕಟ್ಟೆಯಿರುವ ಹೊಳೆಯಲ್ಲಿ ಮೀನುಗಳ ಸಮುದಾಯವೇ ಬದಲಾಗಿತ್ತು. ನೀರು ತಿರುಗಿಸಿದ ಪಾತ್ರದಲ್ಲಿ ನೀರು ಬಿಸಿಯಾಗಿ, ಆಮ್ಲಜನಕ ಕಡಿಮೆಯಾಗಿತ್ತು. ಸಣ್ಣ ಕಟ್ಟೆ ಎಂದರೆ ಸಣ್ಣ ಪರಿಣಾಮ ಎಂದಲ್ಲ. ಎರಡನೆಯ ಉತ್ತರವನ್ನು ಆಗಲೇ ಕೊಟ್ಟಿದ್ದೇನೆ: ಮೀನಿನ ಊಟ ತಯಾರಾಗುವುದೇ ಮಳೆಗಾಲದ ನೀರಿನಲ್ಲಿ.

ಮೂಡಣದ ಕಡೆಯೂ ಒಂದು ಮಾತಿದೆ. ಗೊರೂರಿನ ಹಿನ್ನೀರಿನಲ್ಲಿ ಇರುವ ನಾಡಿನ ಸಣ್ಣ ಮೀನುಗಳು ಇಂದಿಗೂ ಜೂನ್ ಬಂದರೆ ಮೇಲಿನ ಹಳ್ಳಗಳನ್ನು ಹುಡುಕಿಕೊಂಡು ಹತ್ತುತ್ತವೆ. ಯಗಚಿಗೆ, ವಾಟೆಹೊಳೆಗೆ ಕಟ್ಟೆಗಳು ಬಂದ ಮೇಲೆ ಅವುಗಳಿಗೆ ಉಳಿದಿರುವುದು ಸಕಲೇಶಪುರದ ಮೇಲಿನ ಹೇಮಾವತಿ, ಮತ್ತು ನಮ್ಮ ಯಸಳೂರು, ಆಲೂರು ಕಡೆಯ ಹೆಸರಿಲ್ಲದ ಹಳ್ಳ, ತೋಡು, ಗದ್ದೆಬಯಲುಗಳು. ಜಲಾಶಯದ ಬಾಳೆಗೆ ಜಿಲೇಬಿಯಲ್ಲದ ಊಟ ಸಿಗುತ್ತಿದ್ದರೆ ಅದು ಈ ಹಳ್ಳಗಳ ಕೃಪೆ. ಗದ್ದೆ ಹಡಿಲು ಬಿದ್ದು ಶುಂಠಿ, ಕಾಫಿಯಾಗುತ್ತಿರುವ ಕಾಲದಲ್ಲಿ, ತೋಡಿಗೆ ಚೆಕ್‌ಡ್ಯಾಂ ಹಾಕಿಸುವುದೇ ಪಂಚಾಯಿತಿಯ ಸಾಧನೆ ಎನಿಸಿಕೊಂಡಿರುವ ಕಾಲದಲ್ಲಿ, ಪ್ರತಿ ಚೆಕ್‌ಡ್ಯಾಮಿಗೂ ಮೀನು ಹತ್ತುವಷ್ಟು ಒಂದು ಇಳಿಜಾರು ಬಾಯಿ ಬಿಡಬೇಕೆಂದು ಗ್ರಾಮಸಭೆಯಲ್ಲಿ ಕೇಳಿ. ಇಂಜಿನಿಯರಿಗೆ ಅದು ಕಷ್ಟದ ಕೆಲಸವಲ್ಲ, ಖರ್ಚೂ ಹೆಚ್ಚಿಲ್ಲ. ಗೊರೂರಿನಿಂದ ಜೂನ್ ಮೊದಲ ವಾರಗಳಲ್ಲಿ ಕೆಳಗಿನ ಹೊಳೆಗೆ ಒಂದೆರಡು ಸಲವಾದರೂ ಏರಿಕೆಯ ನೀರು ಬಿಡುವ ಕ್ರಮವನ್ನು ನೀರಾವರಿ ಮತ್ತು ಮೀನುಗಾರಿಕೆ ಇಲಾಖೆಗಳು ಕೂತು ಮಾತಾಡಲಿ ಎಂಬುದು ನನ್ನ ಎರಡನೆಯ ಕೇಳಿಕೆ.

ಮೂರನೆಯದು ಈ ಕಾಲೇಜಿನ ವಿದ್ಯಾರ್ಥಿಗಳಿಗೆ. ಗೊರೂರಿನ ಹಿನ್ನೀರಿನಲ್ಲಿ ಬಲೆ ಹಾಕುವವರು, ಯಸಳೂರು ಸಂತೆಯಲ್ಲಿ ಮೀನು ಮಾರುವವರು ದಿನವೂ ಬೇಟೆಮೀನಿನ ಹೊಟ್ಟೆ ಸೀಳುತ್ತಾರೆ, ಒಳಗಿರುವುದನ್ನು ಎಸೆಯುತ್ತಾರೆ. ಒಂದು ನೋಟ್‌ಬುಕ್ ಹಿಡಿದು ಅವರ ಪಕ್ಕ ಕೂತುಕೊಳ್ಳಿ. ಯಾವ ಮೀನು, ಎಷ್ಟು ಉದ್ದ, ಎಲ್ಲಿ ಸಿಕ್ಕಿತು, ಯಾವ ತಿಂಗಳು, ಹೊಟ್ಟೆಯಲ್ಲಿ ಏಡಿಯೋ, ಸಸಲೋ, ಜಿಲೇಬಿಯೋ, ಖಾಲಿಯೋ. ಜಲಾಶಯದ್ದು ಒಂದು ಪುಟ, ಮೇಲಿನ ಹಳ್ಳದ್ದು ಒಂದು, ಕಟ್ಟೆಯ ಕೆಳಗಿನದು ಒಂದು, ಕುಮಾರಧಾರೆಯದು ಇನ್ನೊಂದು. ಮೀನು ಕೊಯ್ಯುವವರಿಗೆ ನಿಮಗಿಂತ ಹೆಚ್ಚು ಗೊತ್ತಿರುತ್ತದೆ, ಅವರು ಹೇಳಿದ್ದನ್ನೂ ಬರೆದುಕೊಳ್ಳಿ. ಬರುವ ಜೂನ್‌ನ ಮೊದಲ ಮಳೆಗಿಂತ ಮುಂಚೆ ಆ ಪುಸ್ತಕ ಶುರುವಾಗಬೇಕು. ಹೇಗೆ ತುಂಬಬೇಕೆಂದು ತೋರಿಸಿಕೊಡಲು ನಾನು ಬರುತ್ತೇನೆ. ಪ್ರಾಣಿಶಾಸ್ತ್ರ ವಿಭಾಗದವರು ದಿನ ಗೊತ್ತು ಮಾಡಿದರೆ ಸಾಕು.